ಸ್ಥಳೀಯ ಕಚೇರಿಯಲ್ಲಿ ಹೊಸ ತಂತ್ರಾಂಶ ನೆಲೆಯೂರುವಂತೆ ಮಾಡುವುದು ಹೇಗೆ?

ಸರ್ಕಾರಿ ಕಚೇರಿಗೆ ಕಂಪ್ಯೂಟರ್ ತರಿಸುವುದು ಈಗ ಕಷ್ಟದ ಕೆಲಸವಲ್ಲ. ತಾಲ್ಲೂಕು ಕಚೇರಿ, ಪುರಸಭೆ, ಗ್ರಾಮ ಪಂಚಾಯಿತಿ ಎಲ್ಲೆಡೆ ಅದು ಬಂದು ವರ್ಷಗಳೇ ಆಗಿವೆ. ಆದರೂ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದವರೇ ಅದರ ಪ್ರಿಂಟ್ ತೆಗೆದು, ಅಡಕಗಳನ್ನು ಲಗತ್ತಿಸಿ, ಟಪಾಲು ವಿಭಾಗದಲ್ಲಿ ಮತ್ತೊಮ್ಮೆ ಸೀಲು ಹಾಕಿಸಿಕೊಳ್ಳಬೇಕಾದ ಕಚೇರಿಗಳು ಇನ್ನೂ ಇವೆ. ಅಲ್ಲಿ ತಂತ್ರಾಂಶ ಕೆಲಸವನ್ನು ಕಡಿಮೆ ಮಾಡಿಲ್ಲ, ಇರುವ ಕೆಲಸಕ್ಕೆ ಇನ್ನೊಂದನ್ನು ಸೇರಿಸಿದೆ. ಹಳೆಯ ದಾರಿ ಮತ್ತು ಹೊಸ ದಾರಿ ಎರಡೂ ತೆರೆದಿರುವವರೆಗೆ ಸಿಬ್ಬಂದಿ ತಮಗೆ ರೂಢಿಯಾದ ದಾರಿಯಲ್ಲೇ ನಡೆಯುತ್ತಾರೆ. ಆದ್ದರಿಂದ ಮುಖ್ಯಾಧಿಕಾರಿಯಾಗಲಿ, ತಹಶೀಲ್ದಾರರಾಗಲಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಾಗಲಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಹಳೆಯ ದಾರಿಯನ್ನು ಯಾವ ದಿನ ಮುಚ್ಚುವುದು ಎಂಬುದು. ತಂತ್ರಾಂಶವನ್ನು ಯಾವಾಗ ಉದ್ಘಾಟಿಸುವುದು ಎಂಬುದಲ್ಲ. ಕೆಳಗಿನ ಹೆಜ್ಜೆಗಳೆಲ್ಲ ಆ ದಿನದ ಸಿದ್ಧತೆಗಳೇ ಆಗಿವೆ.

ಈ ಮಾತಿಗೆ ಆಧಾರವನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಭೂದಾಖಲೆಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರದ ಯೋಜನೆ 1988–89ರಲ್ಲೇ ದೇಶದ ಎಂಟು ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿತ್ತು. ಆದರೆ ಮಾಹಿತಿಯನ್ನು ಕಂಪ್ಯೂಟರಿಗೆ ತುಂಬಿದರೂ ರೈತನ ಕೈಗೆ ಸಿಗುವ ಪ್ರತಿ ಕೈಬರಹದ್ದೇ ಆಗಿದ್ದರೆ ಗಣಕೀಕರಣದಿಂದ ಅವನಿಗೆ ಏನೂ ದಕ್ಕುವುದಿಲ್ಲ. ಎರಡು ಸಾವಿರದ ದಶಕದ ಆರಂಭದಲ್ಲಿ ಕರ್ನಾಟಕದ ಕಂದಾಯ ಇಲಾಖೆ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ತಂತ್ರಾಂಶದೊಂದಿಗೆ ಜಾರಿಗೆ ತಂದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ದಾಖಲೆಗಳನ್ನು ಗಣಕೀಕರಿಸಿತು. ಅಷ್ಟಕ್ಕೇ ನಿಲ್ಲದೆ, ಗಣಕೀಕರಣ ಮುಗಿದ ತಾಲ್ಲೂಕುಗಳಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಅಧಿಸೂಚನೆಯನ್ನೂ ಹೊರಡಿಸಿತು. ಆರಂಭದಲ್ಲಿ 15 ರೂಪಾಯಿ ಶುಲ್ಕಕ್ಕೆ ಕಿಯೋಸ್ಕ್‌ನಲ್ಲಿ ಸಿಗುತ್ತಿದ್ದ ಮುದ್ರಿತ ಪಹಣಿಗೆ ಬೆಲೆ ಬಂದದ್ದು ಆ ಅಧಿಸೂಚನೆಯಿಂದ.

ಮೊದಲ ಹೆಜ್ಜೆ: ಒಂದೇ ಸೇವೆಯನ್ನು ಆರಿಸಿಕೊಳ್ಳಿ

ಕಚೇರಿಯ ಎಲ್ಲ ಶಾಖೆಗಳನ್ನೂ ಒಮ್ಮೆಗೇ ಬದಲಿಸಲು ಹೊರಟರೆ ಯಾವುದೂ ಪೂರ್ತಿಯಾಗುವುದಿಲ್ಲ. ಹಿಂದಿನ ವರ್ಷದ ಸ್ವೀಕೃತಿ ವಹಿಯನ್ನು ತೆರೆದು, ಯಾವ ಸೇವೆಗೆ ಅತಿ ಹೆಚ್ಚು ಅರ್ಜಿಗಳು ಬಂದಿವೆ, ಯಾವುದಕ್ಕಾಗಿ ಜನ ಪದೇ ಪದೇ ಅಲೆದಿದ್ದಾರೆ ಎಂದು ನೋಡಿ. ‘ಭೂಮಿ’ ಕಂದಾಯ ಇಲಾಖೆಯ ನೂರಾರು ಕೆಲಸಗಳ ಪೈಕಿ ಪಹಣಿ ಮತ್ತು ಮ್ಯುಟೇಶನ್‌ಗಳನ್ನು (ಜಮೀನಿನ ಹಕ್ಕು ಬದಲಾವಣೆಯ ನಮೂದು) ಹಿಡಿದುಕೊಂಡಿತು. ಬೆಳೆ ಸಾಲಕ್ಕೆ ಬ್ಯಾಂಕಿಗೆ ಹೋಗುವ ರೈತನಿಗೆ ಪಹಣಿ ಬೇಕೇ ಬೇಕು. ಹಾಗಾಗಿ ಬದಲಾವಣೆ ಊರೂರಿಗೂ ಗೊತ್ತಾಯಿತು. ಪುರಸಭೆಯಲ್ಲಾದರೆ ಖಾತಾ ಬದಲಾವಣೆಯನ್ನೋ, ಪಂಚಾಯಿತಿಯಲ್ಲಾದರೆ ಆಸ್ತಿ ದಾಖಲೆಯ ಪ್ರತಿ ನೀಡುವುದನ್ನೋ ಆರಿಸಿಕೊಳ್ಳುವುದು ಸೂಕ್ತ.

ಎರಡನೆಯ ಹೆಜ್ಜೆ: ಕಡತದ ಜೊತೆ ನಡೆಯಿರಿ

ತಂತ್ರಾಂಶದ ವಿನ್ಯಾಸಕ್ಕೆ ಕೈಹಾಕುವ ಮುನ್ನ ನಿಜವಾದ ಒಂದು ಅರ್ಜಿಯನ್ನು ಹಿಡಿದು, ಅದು ಹೋಗುವ ಮೇಜುಗಳಿಗೆಲ್ಲ ಕಚೇರಿಯ ಮುಖ್ಯಸ್ಥರು ಖುದ್ದಾಗಿ ಹೋಗಬೇಕು. ಖಾತಾ ಬದಲಾವಣೆಯ ಅರ್ಜಿ ಸಾಮಾನ್ಯವಾಗಿ ಟಪಾಲಿನಿಂದ ವಿಷಯ ನಿರ್ವಾಹಕರಿಗೆ, ಅಲ್ಲಿಂದ ಸ್ಥಳ ಪರಿಶೀಲನೆಗಾಗಿ ಕರವಸೂಲಿಗಾರರಿಗೆ ಅಥವಾ ಕಂದಾಯ ನಿರೀಕ್ಷಕರಿಗೆ, ವರದಿಯೊಂದಿಗೆ ಮತ್ತೆ ವಿಷಯ ನಿರ್ವಾಹಕರಿಗೆ, ಕೊನೆಗೆ ಮುಖ್ಯಾಧಿಕಾರಿಯ ಸಹಿಗೆ ಹೋಗುತ್ತದೆ. ಪ್ರತಿ ಮೇಜಿನಲ್ಲೂ ಮೂರು ಸಂಗತಿಗಳನ್ನು ಬರೆದುಕೊಳ್ಳಿ: ಇಲ್ಲಿ ಏನು ತೀರ್ಮಾನವಾಗುತ್ತದೆ, ಆ ತೀರ್ಮಾನಕ್ಕೆ ಯಾವ ನಿಯಮ ಆಧಾರ, ಕಡತ ಎಷ್ಟು ದಿನ ಸುಮ್ಮನೆ ಕೂತಿತ್ತು. ‘ಪರಿಶೀಲಿಸಿ ಮಂಡಿಸಿದೆ’ ಎಂಬ ಒಂದು ಸಾಲಿನ ಟಿಪ್ಪಣಿಯನ್ನಷ್ಟೇ ಸೇರಿಸುವ ಮೇಜನ್ನು ತಂತ್ರಾಂಶದಲ್ಲೂ ಉಳಿಸಿಕೊಂಡರೆ, ಕಾಗದದಲ್ಲಿದ್ದ ವಿಳಂಬ ಪರದೆಯ ಮೇಲೂ ಹಾಗೆಯೇ ಮುಂದುವರಿಯುತ್ತದೆ.

ಕಾನೂನು ಕೊಟ್ಟ ಕಾಲಾವಧಿಯನ್ನೂ ಅಭ್ಯಾಸದಿಂದ ಬಂದ ವಿಳಂಬವನ್ನೂ ಬೇರೆಬೇರೆಯಾಗಿ ನೋಡಬೇಕು. ‘ಭೂಮಿ’ ಜಾರಿಯಾದಾಗ ಮ್ಯುಟೇಶನ್‌ಗೆ ಆಕ್ಷೇಪಣೆ ಸಲ್ಲಿಸಲು 30 ದಿನಗಳ ನೋಟಿಸ್ ಅವಧಿ ಇತ್ತು. ಅದು ಜಮೀನಿನ ಮೇಲೆ ಹಕ್ಕಿರುವ ಇತರರ ರಕ್ಷಣೆಗಾಗಿ ಇದ್ದ ಅವಧಿಯಾದ್ದರಿಂದ ತಂತ್ರಾಂಶ ಅದನ್ನು ಮುಟ್ಟಲಿಲ್ಲ. ತಂತ್ರಾಂಶ ತಡೆದದ್ದು ಸರದಿ ತಪ್ಪಿಸುವ ಪದ್ಧತಿಯನ್ನು. ಮೊದಲು ಬಂದ ಅರ್ಜಿಯನ್ನು ಬಿಟ್ಟು ನಂತರ ಬಂದದ್ದನ್ನು ಎತ್ತಿಕೊಳ್ಳಲು ವ್ಯವಸ್ಥೆ ಅವಕಾಶ ಕೊಡುತ್ತಿರಲಿಲ್ಲ. ಸಿಬ್ಬಂದಿ ಬೆರಳಚ್ಚಿನ ಮೂಲಕವೇ ಒಳಪ್ರವೇಶಿಸಬೇಕಿತ್ತಾದ್ದರಿಂದ ಯಾವ ನಮೂದನ್ನು ಯಾರು ಮಾಡಿದರೆಂಬುದೂ ದಾಖಲಾಗುತ್ತಿತ್ತು. ಇಡೀ ಯೋಜನೆಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಈ ಸರದಿಯ ನಿಯಮವೇ. ಯಾರ ಕಡತ ಮೊದಲು ಎಂಬುದನ್ನು ಒಬ್ಬರ ಮರ್ಜಿಗೆ ಬಿಡದಿದ್ದರೆ ಲಂಚ ಕೇಳುವ ಅವಕಾಶಗಳಲ್ಲಿ ಒಂದು ದೊಡ್ಡ ಭಾಗ ಅಲ್ಲಿಗೇ ಮುಚ್ಚಿಹೋಗುತ್ತದೆ.

ಮೂರನೆಯ ಹೆಜ್ಜೆ: ದಾಖಲೆಯನ್ನು ಶುದ್ಧಗೊಳಿಸಿ

ಅತಿ ಹೆಚ್ಚು ಸಮಯ ಬೇಡುವುದೂ, ಅತಿ ಹೆಚ್ಚು ನಿರ್ಲಕ್ಷ್ಯಕ್ಕೆ ಒಳಗಾಗುವುದೂ ಈ ಹೆಜ್ಜೆಯೇ. ಹಳೆಯ ವಹಿಯಲ್ಲಿ ಒಬ್ಬರೇ ಖಾತೆದಾರರ ಹೆಸರು ಒಂದು ಕಡೆ ‘ಸಿದ್ದಪ್ಪ ಬಿನ್ ಬಸಪ್ಪ’ ಎಂದೂ, ಇನ್ನೊಂದು ಕಡೆ ‘ಸಿದ್ಧಪ್ಪ ಬಿನ್ ಬಸವಪ್ಪ’ ಎಂದೂ ಇರುತ್ತದೆ. ಓದುವ ಗುಮಾಸ್ತರಿಗೆ ಇಬ್ಬರೂ ಒಬ್ಬರೇ. ತಂತ್ರಾಂಶಕ್ಕೆ ಅವರು ಇಬ್ಬರು ಮಾಲೀಕರು. ತೀರಿಕೊಂಡವರ ಹೆಸರಿನಲ್ಲೇ ಉಳಿದ ಖಾತೆಗಳು, ಪೌತಿ ಖಾತೆ (ತೀರಿಕೊಂಡವರ ಖಾತೆ ವಾರಸುದಾರರ ಹೆಸರಿಗೆ ಬದಲಾಗುವುದು) ಆಗದೆ ಅಣ್ಣತಮ್ಮಂದಿರು ಬಾಯಿಮಾತಿನಲ್ಲೇ ಹಂಚಿಕೊಂಡ ಜಮೀನುಗಳು, ಒಂದೇ ಹಿಸ್ಸಾ ಸಂಖ್ಯೆಯನ್ನು ಎರಡು ಬಗೆಯಲ್ಲಿ ಬರೆದ ನಮೂದುಗಳು, ಇವೆಲ್ಲ ಕಂಪ್ಯೂಟರಿಗೆ ಹೋದರೆ ತಪ್ಪು ಶಾಶ್ವತವಾಗುತ್ತದೆ. ಮೇಲಾಗಿ, ಮುದ್ರಿತ ಕಾಗದದ ಮೇಲಿನ ತಪ್ಪನ್ನು ಪ್ರಶ್ನಿಸಲು ಜನ ಇನ್ನಷ್ಟು ಹಿಂಜರಿಯುತ್ತಾರೆ.

ವಿಸ್ತೀರ್ಣದ ನಮೂದನ್ನೇ ತೆಗೆದುಕೊಳ್ಳಿ. ಪಹಣಿಯ 1-25 ಎಂದರೆ ಒಂದು ಎಕರೆ ಇಪ್ಪತ್ತೈದು ಗುಂಟೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಅಂಥ ಎರಡು ತುಂಡುಗಳನ್ನು ಕೂಡಿದರೆ 3-10 ಬರಬೇಕು, ಅಂದರೆ ಮೂರು ಎಕರೆ ಹತ್ತು ಗುಂಟೆ. ತಂತ್ರಾಂಶ ಬರೆಯುವವರು ಈ ಲೆಕ್ಕ ತಿಳಿಯದೆ ಅದನ್ನು ದಶಮಾಂಶವೆಂದು ಭಾವಿಸಿದರೆ ಮೊತ್ತ 2.50 ಎಂದು ಬರುತ್ತದೆ. ರೈತ ಅದನ್ನು ಎರಡೂವರೆ ಎಕರೆ ಎಂದು ಓದುತ್ತಾನೆ, ಮೂವತ್ತು ಗುಂಟೆ ಕಾಗದದಲ್ಲೇ ಕಾಣೆಯಾಗುತ್ತದೆ. ಆದ್ದರಿಂದ ತಂತ್ರಾಂಶ ತಯಾರಿಸುವವರ ಪಕ್ಕದಲ್ಲಿ ಅನುಭವಿ ಗ್ರಾಮ ಆಡಳಿತಾಧಿಕಾರಿಯನ್ನೋ (ಹಿಂದಿನ ಹೆಸರು ಗ್ರಾಮ ಲೆಕ್ಕಿಗ) ಶಿರಸ್ತೇದಾರರನ್ನೋ ಕೂರಿಸುವುದು ಅನಿವಾರ್ಯ.

ಪರಿಶೀಲನೆಯ ಕ್ರಮ ಹೀಗಿರಲಿ. ದತ್ತಾಂಶ ನಮೂದನ್ನು ಹೊರಗಿನ ಸಂಸ್ಥೆಗೆ ವಹಿಸಬಹುದು, ಪರಿಶೀಲನೆಯನ್ನು ವಹಿಸುವಂತಿಲ್ಲ. ನಮೂದಾದದ್ದನ್ನು ಮುದ್ರಿಸಿ, ಮೂಲ ವಹಿಯೊಂದಿಗೆ ಸಾಲುಸಾಲಾಗಿ ತಾಳೆ ನೋಡಿ, ನೋಡಿದವರು ಪ್ರತಿ ಪುಟಕ್ಕೂ ಸಹಿ ಹಾಕಬೇಕು. ಬಳಿಕ ಆ ಪ್ರತಿಯನ್ನು ವಾರ್ಡ್‌ನಲ್ಲೋ ಗ್ರಾಮಸಭೆಯಲ್ಲೋ ಓದಿ ಹೇಳಿ, ತಿದ್ದುಪಡಿಗೆ ಅವಕಾಶ ಕೊಡಬೇಕು. ಕನ್ನಡದ ಹೆಸರುಗಳೆಲ್ಲ ಯೂನಿಕೋಡ್‌ನಲ್ಲೇ ಇರಬೇಕೆಂದು ಮೊದಲೇ ಕಟ್ಟುನಿಟ್ಟು ಮಾಡಿ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪಾದ ಪಟ್ಟಿಯನ್ನು ಪರಿವರ್ತಿಸುವಾಗ ಒತ್ತಕ್ಷರ, ಅರ್ಕಾವತ್ತುಗಳು ಸ್ಥಾನ ತಪ್ಪುವುದುಂಟು. ಅವನ್ನು ಕಣ್ಣಾರೆ ನೋಡದೆ ಒಪ್ಪಿಕೊಳ್ಳಬೇಡಿ.

ನಾಲ್ಕನೆಯ ಹೆಜ್ಜೆ: ಒಪ್ಪಂದ, ಸಹಿ, ಆದೇಶ

ತಂತ್ರಾಂಶವನ್ನು ಖಾಸಗಿ ಸಂಸ್ಥೆಯಿಂದ ಪಡೆಯುವುದಾದರೆ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ ಚೌಕಟ್ಟಿನಲ್ಲೇ ನಡೆಯಬೇಕು. ಟೆಂಡರ್ ದಾಖಲೆಯಲ್ಲಿ ಬೆಲೆಗಿಂತ ಮೊದಲು ನೋಡಬೇಕಾದ ಷರತ್ತುಗಳಿವೆ. ದತ್ತಾಂಶದ ಒಡೆತನ ಕಚೇರಿಯದೇ ಆಗಿರಬೇಕು, ಒಪ್ಪಂದ ಮುಗಿದ ದಿನ ಅದು ಬೇರೆಯವರೂ ಓದಬಲ್ಲ ರೂಪದಲ್ಲಿ ಕೈಗೆ ಬರಬೇಕು, ತಂತ್ರಾಂಶದ ಮೂಲ ಸಂಕೇತ (ಸೋರ್ಸ್ ಕೋಡ್) ಸರ್ಕಾರದ ವಶದಲ್ಲಿರಬೇಕು, ದೋಷ ಸರಿಪಡಿಸಲು ಗಂಟೆಗಳ ಲೆಕ್ಕದ ಗಡುವು ಇರಬೇಕು. ಈ ಮಾತುಗಳು ಒಪ್ಪಂದದಲ್ಲಿ ಇಲ್ಲದಿದ್ದರೆ ಕೆಲವೇ ವರ್ಷಗಳಲ್ಲಿ ಕಚೇರಿ ಗುತ್ತಿಗೆದಾರರ ಹಂಗಿನಲ್ಲಿ ಬೀಳುತ್ತದೆ.

ಡಿಜಿಟಲ್ ಸಹಿಗೆ ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಮಾನ್ಯತೆ ಇದೆ. ಹಾಗಿರುವುದರಿಂದಲೇ ಸಹಿಯ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ಸಾಧನ) ಅನ್ನು ಡೇಟಾ ಎಂಟ್ರಿ ಆಪರೇಟರ್ ಕೈಯಲ್ಲಿಟ್ಟು ಹೋಗುವುದು ಖಾಲಿ ಹಾಳೆಗೆ ಸಹಿ ಹಾಕಿ ಕೊಟ್ಟಷ್ಟೇ ಅಪಾಯಕಾರಿ. ಕಚೇರಿಯ ಮುಖ್ಯಸ್ಥರು ಈ ವಿಷಯದಲ್ಲಿ ತಾವೇ ಶಿಸ್ತು ಪಾಲಿಸದಿದ್ದರೆ ಉಳಿದವರಿಂದ ಅದನ್ನು ಕೇಳುವ ನೈತಿಕ ಬಲ ಅವರಿಗೆ ಇರುವುದಿಲ್ಲ.

ಹಳೆಯ ವಹಿಗೆ ಮಾನ್ಯತೆ ತೆಗೆಯುವ ಅಧಿಕಾರ ಸ್ಥಳೀಯ ಕಚೇರಿಗೆ ಇಲ್ಲದಿರಬಹುದು. ಆಗ ಇಲಾಖೆಯಿಂದ ಸುತ್ತೋಲೆಯನ್ನೋ ಅಧಿಸೂಚನೆಯನ್ನೋ ಪಡೆಯುವ ಪತ್ರವ್ಯವಹಾರವನ್ನು ಈ ಹಂತದಲ್ಲೇ ಆರಂಭಿಸಬೇಕು. ಕೊನೆಯ ವಾರದಲ್ಲಿ ಬರೆದ ಪತ್ರಕ್ಕೆ ಸಕಾಲದಲ್ಲಿ ಉತ್ತರ ಬರುವ ಸಂಭವ ಕಡಿಮೆ.

ಐದನೆಯ ಹೆಜ್ಜೆ: ಸಿಬ್ಬಂದಿಯನ್ನು ಜೊತೆಗೆ ಕರೆದುಕೊಳ್ಳಿ

‘ಭೂಮಿ’ಗೆ ಮೊದಲು ರಾಜ್ಯದ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿ ಪಹಣಿ ವಹಿಗಳಿದ್ದವು. ಊರಿನಲ್ಲಿ ಅವರಿಗಿದ್ದ ಸ್ಥಾನಕ್ಕೆ ಆ ವಹಿಯೂ ಒಂದು ಕಾರಣವಾಗಿತ್ತು. ಅದನ್ನು ಬಿಟ್ಟುಕೊಡಿ ಎಂದಾಗ ಆತಂಕ ಹುಟ್ಟುವುದು ಸಹಜ. ಅದನ್ನು ಬರೀ ಭ್ರಷ್ಟಾಚಾರದ ರಕ್ಷಣೆ ಎಂದು ತಳ್ಳಿಹಾಕುವುದು ಅನ್ಯಾಯ. ದಾಖಲೆಯ ಸತ್ಯಾಸತ್ಯತೆ ಅವರಷ್ಟು ಚೆನ್ನಾಗಿ ಬೇರಾರಿಗೂ ತಿಳಿದಿರುವುದಿಲ್ಲವಾದ್ದರಿಂದ ಪರಿಶೀಲನೆಯ ಜವಾಬ್ದಾರಿಯನ್ನು ಅವರಿಗೇ ಕೊಟ್ಟು, ಆ ಅವಧಿಯಲ್ಲಿ ಇತರ ಕೆಲಸಗಳ ಹೊರೆಯನ್ನು ತಗ್ಗಿಸಬೇಕು. ತರಬೇತಿ ಜಿಲ್ಲಾ ಕೇಂದ್ರದ ಸಭಾಂಗಣದಲ್ಲಿ ಒಂದು ದಿನದ ಭಾಷಣವಾಗದೆ, ಅವರವರ ಮೇಜಿನಲ್ಲಿ, ಅವರದೇ ಕಡತಗಳ ಮೇಲೆ ನಡೆಯಬೇಕು.

ಕೌಂಟರಿನ ಆಚೆಗಿರುವವರನ್ನೂ ಮರೆಯಬಾರದು. ‘ಭೂಮಿ’ ಕಿಯೋಸ್ಕ್‌ಗಳಲ್ಲಿ ರೈತನ ಕಡೆಗೂ ಒಂದು ಪರದೆಯನ್ನು ತಿರುಗಿಸಿ ಇಡಲಾಗಿತ್ತು; ಸಿಬ್ಬಂದಿ ಏನು ನೋಡುತ್ತಿದ್ದಾರೋ ಅದನ್ನೇ ರೈತನೂ ನೋಡುತ್ತಿದ್ದ. ಖರ್ಚು ಅಲ್ಪ, ಆದರೆ ಹೆಸರಿನ ಕಾಗುಣಿತ ತಪ್ಪಿದ್ದರೆ ಪ್ರಿಂಟ್ ತೆಗೆಯುವ ಮೊದಲೇ ತಿಳಿಯುತ್ತದೆ.

ಆರನೆಯ ಹೆಜ್ಜೆ: ಸಣ್ಣದಾಗಿ ಪ್ರಯೋಗ, ಆಮೇಲೆ ಮುಚ್ಚುವ ದಿನ

ಸರ್ಕಾರಿ ಸೇವೆಗಳನ್ನು ಗಡುವಿನೊಳಗೆ ಒದಗಿಸುವ ರಾಜ್ಯದ ‘ಸಕಾಲ’ ಯೋಜನೆ 2012ರ ಏಪ್ರಿಲ್‌ನಲ್ಲಿ 11 ಇಲಾಖೆಗಳ 151 ಸೇವೆಗಳೊಂದಿಗೆ ರಾಜ್ಯದಾದ್ಯಂತ ಜಾರಿಗೆ ಬರುವ ಮೊದಲು ಔರಾದ್, ಧಾರವಾಡ, ಚಿತ್ರದುರ್ಗ, ಪುತ್ತೂರು ತಾಲ್ಲೂಕುಗಳಲ್ಲಿ ಪ್ರಾಯೋಗಿಕವಾಗಿ ನಡೆದಿತ್ತು. ಗಡಿ ತಾಲ್ಲೂಕೊಂದು, ಕರಾವಳಿ ಜಿಲ್ಲೆಯದೊಂದು, ಮಧ್ಯ ಕರ್ನಾಟಕದ್ದೊಂದು ಹೀಗೆ ಭಿನ್ನ ಸ್ಥಿತಿಗತಿಯ ಜಾಗಗಳನ್ನು ಆರಿಸಿದ್ದು ಒಳ್ಳೆಯ ಪಾಠ. ನೀವೂ ಪ್ರಯೋಗಕ್ಕೆ ಎಲ್ಲ ಸೌಕರ್ಯವಿರುವ ವಾರ್ಡ್ ಜೊತೆಗೆ, ಕರೆಂಟು ಹೋಗುವ, ನೆಟ್‌ವರ್ಕ್ ಸಿಗದ ಬಡಾವಣೆಯೊಂದನ್ನೂ ಆರಿಸಿ.

ಪ್ರಯೋಗದ ಅವಧಿಯಲ್ಲಿ ಎರಡೂ ವಹಿಗಳು ನಡೆಯಲಿ, ಆದರೆ ಅದಕ್ಕೆ ಕೊನೆಯ ದಿನಾಂಕವನ್ನು ಮೊದಲೇ ನಿಗದಿಪಡಿಸಿ. ಆ ದಿನ ಬಂದಾಗ ಹಳೆಯ ವಹಿಯ ಕೊನೆಯ ನಮೂದಿನ ಕೆಳಗೆ ಗೆರೆ ಎಳೆದು, ದಿನಾಂಕ ಬರೆದು, ಅಧಿಕಾರಿ ಸಹಿ ಮಾಡಿ, ವಹಿಯನ್ನು ದಾಖಲೆ ಕೊಠಡಿಗೆ ಕಳುಹಿಸಬೇಕು. ಅದನ್ನು ನಾಶಪಡಿಸಬಾರದು, ವ್ಯಾಜ್ಯ ಬಂದಾಗ ನ್ಯಾಯಾಲಯ ಕೇಳುವುದು ಅದನ್ನೇ. ‘ಸರ್ವರ್ ಡೌನ್’ ಆದ ದಿನ ಏನು ಮಾಡಬೇಕೆಂಬ ಲಿಖಿತ ಕ್ರಮವೂ ಸಿದ್ಧವಿರಬೇಕು: ಅರ್ಜಿಯನ್ನು ಸ್ವೀಕರಿಸಿ, ಸರದಿ ಸಂಖ್ಯೆ ಕೊಟ್ಟು, ಸಂಪರ್ಕ ಬಂದೊಡನೆ ಅದೇ ಸರದಿಯಲ್ಲಿ ನಮೂದಿಸಬೇಕು. ‘ನಾಳೆ ಬನ್ನಿ’ ಎಂಬ ಉತ್ತರಕ್ಕೆ ಅವಕಾಶ ಇರಬಾರದು.

ಏಳನೆಯ ಹೆಜ್ಜೆ: ಸರಿಯಾದುದನ್ನು ಎಣಿಸಿ

‘ಸಕಾಲ’ದಲ್ಲಿ ಅರ್ಜಿಗೆ 15 ಅಂಕಿಗಳ ಸಂಖ್ಯೆ, ಸೇವೆಗೆ ಗಡುವು, ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಇದೆ. ಗಡುವಿನೊಳಗೆ ವಿಲೇವಾರಿಯಾದ ಅರ್ಜಿಗಳ ಶೇಕಡಾವಾರು ಲೆಕ್ಕ ನೋಡಲು ಚೆನ್ನ, ಆದರೆ ತಿರಸ್ಕೃತ ಅರ್ಜಿಯೂ ಅದರಲ್ಲಿ ವಿಲೇವಾರಿಯೇ. ಪ್ರತಿ ತಿಂಗಳು ತಿರಸ್ಕಾರಗಳನ್ನು ಬೇರೆಯಾಗಿ ಎಣಿಸಿ, ಅವುಗಳ ಕಾರಣಗಳನ್ನು ಮುಖ್ಯಸ್ಥರೇ ಓದಬೇಕು. ಒಂದೇ ಕಾರಣ ಮತ್ತೆ ಮತ್ತೆ ಬಂದರೆ ಅರ್ಜಿ ನಮೂನೆಯಲ್ಲೇ ದೋಷವಿದೆ ಎಂದರ್ಥ.

ಹೊಸ ವ್ಯವಸ್ಥೆಯಿಂದ ಯಾರಿಗೆ ಹೆಚ್ಚು ಲಾಭವಾಯಿತು ಎಂಬುದನ್ನೂ ಕೇಳಬೇಕು. ದಾಖಲೆಗಳು ಸುಲಭವಾಗಿ ಸಿಗತೊಡಗಿದಾಗ ಬೆಂಗಳೂರಿನ ಅಂಚಿನ ಹಳ್ಳಿಗಳಲ್ಲಿ ಸಣ್ಣ ರೈತರಿಗಿಂತ ದೊಡ್ಡ ಖರೀದಿದಾರರಿಗೇ ಅನುಕೂಲವಾಯಿತೆಂಬ ಟೀಕೆ ‘ಭೂಮಿ’ಯ ಮೇಲೂ ಬಂತು. ಖಾಸಗಿತನದ ಪ್ರಶ್ನೆಯೂ ಅಷ್ಟೇ ಗಂಭೀರ. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿದಿದೆ. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಗೆ ಪ್ರತ್ಯೇಕ ಕಾಯ್ದೆಯೇ ಬಂದಿದೆ. ಫಲಾನುಭವಿಗಳ ಆಧಾರ್ ಮತ್ತು ಬ್ಯಾಂಕ್ ಖಾತೆ ಸಂಖ್ಯೆಗಳಿರುವ ಪಟ್ಟಿಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಅಭ್ಯಾಸ ಕೂಡಲೇ ನಿಲ್ಲಬೇಕು.

ಕೊನೆಯ ಹೆಜ್ಜೆ: ವರ್ಗಾವಣೆಗೆ ಮೊದಲೇ ಸಿದ್ಧರಾಗಿ

‘ಭೂಮಿ’ಯನ್ನು ಮುನ್ನಡೆಸಿದ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಹಲವು ವರ್ಷ ಅದರ ಜೊತೆಗೇ ಉಳಿದರು. ಎಲ್ಲರಿಗೂ ಅಂಥ ಅವಕಾಶ ಸಿಗುವುದಿಲ್ಲ. ಆದ್ದರಿಂದ ಎರಡನೆಯ ಹೆಜ್ಜೆಯಲ್ಲಿ ಬರೆದುಕೊಂಡ ಕಡತದ ದಾರಿ, ಕೈಬಿಟ್ಟ ಮೇಜುಗಳು ಮತ್ತು ಅದಕ್ಕೆ ಕಾರಣ, ಗುತ್ತಿಗೆಯ ಷರತ್ತುಗಳು, ಪಾಸ್‌ವರ್ಡ್‌ಗಳ ಹಸ್ತಾಂತರ ಕ್ರಮ, ಬಾಕಿ ತಿದ್ದುಪಡಿಗಳ ಪಟ್ಟಿ ಇವನ್ನೆಲ್ಲ ಒಂದು ಕಡತದಲ್ಲಿ ಸೇರಿಸಿ, ಪುರಸಭೆಯ ಅಥವಾ ಪಂಚಾಯಿತಿಯ ಸಭೆಯ ಮುಂದಿಟ್ಟು ನಡಾವಳಿಯಲ್ಲಿ ದಾಖಲಿಸಿ. ಈ ಕೆಲಸವನ್ನು ಪೂರ್ತಿ ಬಲ್ಲ ಇಬ್ಬರು ಕಾಯಂ ನೌಕರರಾದರೂ ಕಚೇರಿಯಲ್ಲಿರಲಿ, ಮತ್ತು ಪ್ರಭಾರ ವಹಿಸಿಕೊಡುವ ದಿನ ಆ ಕಡತವನ್ನು ಹೊಸ ಅಧಿಕಾರಿಯ ಸಹಿ ಪಡೆದೇ ಒಪ್ಪಿಸಿ.