ಗೊಬ್ಬರ ಮಾಡಾಕ ಯಾವ ಎರಿಹುಳ ತರಬೇಕು?

ನಮ್ಮ ಕಡೆ ಎರಿ ಅಂದ್ರ ಕರಿ ಭೂಮಿ, ಹಂಗಾಗಿ ಎರಿಹುಳ ಅಂದ್ರ ಎರಿ ಹೊಲದಾಗಿನ ಹುಳ ಅಂತ ಭಾಳ ವರ್ಷ ತಿಳ್ಕೊಂಡಿದ್ದೆ, ಆದ್ರ ಮಸಾರಿ ಹೊಲದಾಗೂ ಇರ್ತಾವಲ್ಲ! ಎರೆ ಅನ್ನೋದಕ್ಕ ಮೀನಿನ ಗಾಳಕ್ಕ ಸಿಗಿಸೋ ತಿನಿಸು ಅಂತನೂ ಅರ್ಥ ಐತಿ. ಸಂಸ್ಕೃತದಾಗ ಭೂನಾಗ, ಸಾಲಿ ಪುಸ್ತಕದಾಗ ರೈತನ ಮಿತ್ರ. ಹೆಸರೇನೋ ಚಂದ, ಆದ್ರ ಗೊಬ್ಬರ ಮಾಡೋರು ಎರಿಹುಳ ಕೊಡ್ರಿ ಅಂತ ಅಷ್ಟೇ ಕೇಳಿದ್ರ ಸಾಲೂದಿಲ್ಲ.

ನಾನು ಮೊದಲನೇ ಸಲ ಮಳಿ ಬಿದ್ದ ಮ್ಯಾಲೆ ಹೊಲದಾಗ ಅಗದು ಒಂದು ಡಬ್ಬಿ ಹುಳ ತಂದು ತೊಟ್ಯಾಗ ಬಿಟ್ಟೆ, ವಾರದಾಗ ಒಂದೂ ಇಲ್ಲ. ಹೊಲದ ಹುಳ ಮಣ್ಣು ತಿಂದು ಆಳಕ್ಕ ಇಳಿಯೋ ಜಾತಿ, ನಮಗ ಬೇಕಾದ್ದು ಮ್ಯಾಲಿನ ಕಸದಾಗ ಇರೋ ಜಾತಿ. ಕೃಷಿ ವಿಜ್ಞಾನ ಕೇಂದ್ರದಾಗ ಇಲ್ಲಾ ಗೊಬ್ಬರ ಮಾಡೋ ರೈತರ ಹತ್ರ ಹೆಸರು ಹಿಡದು ಕೇಳ್ರಿ: ಯೂಡ್ರಿಲಸ್, ಆಫ್ರಿಕಾದ್ದು, ಉದ್ದ ಇರ್ತೈತಿ, ಇಲ್ಲಾ ಐಸೀನಿಯಾ ಫೆಟಿಡಾ, ಸಣ್ಣದು, ಕೆಂಪು ಪಟ್ಟಿ. ಫೆಟಿಡಾ ಅಂದ್ರ ಲ್ಯಾಟಿನ್‌ದಾಗ ನಾರೋದು ಅಂತ, ಹಿಡದ್ರ ಒಂಥರಾ ವಾಸನಿ ನೀರು ಬಿಡ್ತೈತಿ ಪಾಪ, ಅದಕ್ಕ ಆ ಹೆಸರು. ಸಣ್ಣ ತೊಟ್ಟಿಗೆ ಅರ್ಧ ಕಿಲೋ ಹುಳ ಸಾಕು.

ತೊಟ್ಟಿ ನೆರಳಾಗ ಇರ್ಲಿ, ಅಗಲ 3 ಫೂಟು, ಎತ್ತರ 2 ಫೂಟು, ಕೆಳಗ ನೀರು ಬಸಿಯಾಕ ತೂತು. ತಳಕ್ಕ ತೆಂಗಿನ ನಾರು, ಗೊಂಜಾಳ ದಂಟು, ಅದರ ಮ್ಯಾಲೆ ಒಣ ಎಲಿ, ಶೇಂಗಾ ಹೊಟ್ಟು, ಹೆಂಡಿ. ಹಸಿ ಹೆಂಡಿ ಹಾಕಿದ ಕೂಡ್ಲೇ ಹುಳ ಬಿಡಬ್ಯಾಡ್ರಿ, ಅದು ಕೊಳಿಯೋವಾಗ ಕಾವು ಎದ್ದು ಹುಳ ಸತ್ತು ಹೋಗ್ತಾವ, 15-20 ದಿನ ಬಿಟ್ಟು ಆರಿದ ಮ್ಯಾಲೆ ಹುಳ ಬಿಡ್ರಿ. ಉಪ್ಪಿನಕಾಯಿ, ಎಣ್ಣಿ, ಮೆಣಸಿನಕಾಯಿ, ನಿಂಬಿಹಣ್ಣಿನ ಸಿಪ್ಪಿ ಬ್ಯಾಡ.

ಇವು ಚರ್ಮದಿಂದನ ಉಸಿರಾಡ್ತಾವ, ಅದಕ್ಕ ತೇವ ಇರ್ಲೇಬೇಕು, ಆದ್ರ ಮುಷ್ಟ್ಯಾಗ ಹಿಂಡಿದ್ರ ಒಂದೆರಡು ಹನಿಕಿಂತ ಹೆಚ್ಚು ಬಿದ್ರ ನೀರು ಜಾಸ್ತಿ ಆಗೇತಿ ಅಂತ. ಮ್ಯಾಲೆ ಗೋಣಿಚೀಲ ಮುಚ್ರಿ, ಏಪ್ರಿಲ್-ಮೇ ಬಿಸಿಲಿಗೆ ದಿನಾ ನೀರು ಚಿಮಕಿಸ್ರಿ. ಇರಿವಿ ಕಾಟಕ್ಕ ಸುತ್ತ ಸಣ್ಣ ನೀರಿನ ಕಾಲುವಿ ಸಾಕು.

45-60 ದಿನಕ್ಕ ಚಹಾಪುಡಿ ಹಂಗ ಕರ್ರಗ ಆಗ್ತೈತಿ. ಮೂರ್ನಾಕು ದಿನ ನೀರು ನಿಲ್ಲಿಸ್ರಿ, ಹುಳ ಕೆಳಗ ಇಳೀತಾವ, ಮ್ಯಾಲಿನದು ತಗದು ಜರಡಿ ಹಿಡೀರಿ. ಜರಡ್ಯಾಗ ನಿಂಬಿಕಾಯಿ ಆಕಾರದ ಸಣ್ಣ ಹಳದಿ ಕಾಳು ಸಿಗ್ತಾವ, ಅವು ತತ್ತಿ, ವಾಪಸ್ ತೊಟ್ಟಿಗೆ ಹಾಕ್ರಿ. ನಮ್ಮವ್ವ ಯಾವ್ದೋ ಬೀಜ ಅಂತ ಕೋಳಿಗೆ ಒಗದಿದ್ಲು.