ಹಗಲಿಗೊಬ್ಬರು, ರಾತ್ರಿಗೊಬ್ಬರು: ಅಮ್ಮನನ್ನು ಮನೆಯಲ್ಲೇ ಉಳಿಸಿಕೊಂಡ ಲೆಕ್ಕ

ಅಮ್ಮನಿಗೆ 82. ಮರೆವು ಮೊದಲಿಂದಲೂ ಇತ್ತು, ಸೊಂಟದ ಮೂಳೆ ಮುರಿದ ಮೇಲೆ ಜಾಸ್ತಿಯಾಯಿತು. "ಮೈಸೂರಲ್ಲಿ ನಿನ್ನೊಬ್ಬನ ಕೈಲಿ ಆಗಲ್ಲ, ವಯಸ್ಸಾದವರನ್ನ ನೋಡಿಕೊಳ್ಳೋ ಒಳ್ಳೇ ಹೋಮ್ ನೋಡು" ಅಂತ ಪುಣೆಯಿಂದ ಅಣ್ಣನ ಫೋನು ದಿನಾ. ಹದಿನಾಲ್ಕು ತಿಂಗಳಾಯಿತು. ಅಮ್ಮ ಈಗಲೂ ಮನೆಯಲ್ಲೇ ಇದ್ದಾರೆ, ಬೆನ್ನಲ್ಲಿ ಒಂದು ಹುಣ್ಣಿಲ್ಲ. ಮೊನ್ನೆ ಅಣ್ಣನೇ ಅವನ ಮಾವನಿಗೆ ಇಂಥದ್ದೇ ಏರ್ಪಾಡು ಆಗುತ್ತಾ ಅಂತ ಕೇಳಿದ. ನಾನು ಸುಮ್ನೆ ನಕ್ಕೆ.

ಮೊದಲು ಏಜೆನ್ಸಿಯಿಂದ 24 ಗಂಟೆಯೂ ಮನೆಯಲ್ಲೇ ಇದ್ದು ನೋಡಿಕೊಳ್ಳೋ ಹುಡುಗಿ. ತಿಂಗಳಿಗೆ ಸುಮಾರು 28 ಸಾವಿರ, ಊಟ ನಮ್ಮದು, ನೋಂದಣಿ ಅಂತ ಹತ್ತು ಸಾವಿರ ಬೇರೆ. ಒಂಬತ್ತೇ ದಿನಕ್ಕೆ ಹೋದಳು. ಐದು ತಿಂಗಳಲ್ಲಿ ನಾಲ್ವರು ಬದಲಾದರು. ತಪ್ಪು ಅವರದ್ದಲ್ಲ. ಅಮ್ಮ ರಾತ್ರಿ ಆರು ಸಲ ಏಳುತ್ತಾರೆ. ಹಗಲೂ ರಾತ್ರಿ ಒಬ್ಬರೇ ಎಚ್ಚರವಿರೋಕೆ ಆಗುತ್ತಾ?

ಆಮೇಲೆ ಬೆಂಗಳೂರಿನ ಒಂದು ಹೋಮ್. 48 ಸಾವಿರ ಅಂದಿದ್ದರು. ಡೈಪರ್, ಫಿಸಿಯೋ ಎಲ್ಲ ಸೇರಿ ಮೊದಲ ಬಿಲ್ಲೇ 61 ದಾಟಿತು. ಜಾಗ ಚೊಕ್ಕಟವಾಗಿತ್ತು, ಸುಳ್ಳು ಹೇಳಬಾರದು. ಆದರೆ ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಬರಲ್ಲ, ಅಲ್ಲಿನ ಹುಡುಗಿಯರಿಗೆ ಕನ್ನಡ ಬರಲ್ಲ. ನಾನು ಹೋದಾಗ ವ್ಯಾನಿಟಿ ಬ್ಯಾಗು ತೊಡೆ ಮೇಲಿಟ್ಟುಕೊಂಡು ಬಾಗಿಲ ಕಡೆ ನೋಡುತ್ತಾ ಕೂತಿದ್ದರು. "ನಂಜನಗೂಡಿನ ಬಸ್ಸು ಎಷ್ಟೊತ್ತಿಗೋ ಮಗಾ?" ಅಂದರು. ದಿನಾ ಹೀಗೇ ಕೂರುತ್ತಾರಂತೆ. ಆ ತಿಂಗಳೇ ವಾಪಸ್ ಕರೆದುಕೊಂಡು ಬಂದೆ. ಡೆಪಾಸಿಟ್ ಕೈಗೆ ಬರಲು ಮೂರು ತಿಂಗಳಾಯಿತು, ಅದರಲ್ಲೂ ಮುರಿದುಕೊಂಡರು.

ಈಗ ನಮ್ಮ ಏರಿಯಾದವರೇ ಇಬ್ಬರು. ಹಗಲಿನವರಿಗೆ 13 ಸಾವಿರ, ರಾತ್ರಿಯವರಿಗೆ 12. ಭಾನುವಾರದ ಬದಲಿ, ಡೈಪರ್, ವಾರಕ್ಕೆರಡು ಫಿಸಿಯೋ ಸೇರಿ 35-36 ಸಾವಿರದಲ್ಲಿ ಮುಗಿಯುತ್ತದೆ. "ಟ್ರೇನಿಂಗ್ ಇಲ್ಲದವರು" ಅಂತ ಅಕ್ಕ ಮೂಗು ಮುರಿದಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸೋದು, ಎಬ್ಬಿಸಿ ಕೂರಿಸೋದು ಫಿಸಿಯೋದವರೇ ನಾಲ್ಕು ದಿನದಲ್ಲಿ ಕಲಿಸಿಕೊಟ್ಟರು. ಹಾಳೆಯಲ್ಲಿ ಗೆರೆ ಹೊಡೆದು ನೇತುಹಾಕಿದ್ದೀನಿ. ಮಗ್ಗುಲು, ಮೂತ್ರ, ಮಾತ್ರೆ, ಅಷ್ಟೇ. ಹಗಲಿನವರಿಗೆ ಓದು ಬರಲ್ಲ, ಚುಕ್ಕೆ ಇಡುತ್ತಾರೆ. ಇಬ್ಬರೂ ಬಿಟ್ಟುಹೋಗದ ಹಾಗೆ ನಾನು ಮಾಡಿಕೊಂಡಿರೋ ಒಂದು ಒಪ್ಪಂದ ಇದೆ, ಅದು ಮಾತ್ರ ನನ್ನ ಹತ್ತಿರವೇ ಇರಲಿ.

ಅಮ್ಮ ರಾತ್ರಿ ಎದ್ದರೆ ಗೊತ್ತಾಗಲಿ ಅಂತ ಕ್ಯಾಮೆರಾನೂ ಹಾಕಿ ನೋಡಿದೆ. ಅಮ್ಮ ಅದರ ಮೇಲೆ ಟವೆಲ್ ಒಣಹಾಕಿದರು. ಕಾಲಿಟ್ಟರೆ ಸದ್ದು ಮಾಡೋ ನಾಲ್ಕು ಸಾವಿರದ ಸೆನ್ಸರ್ ಚಾಪೆ ಬೆಕ್ಕು ಹತ್ತಿದರೂ ಕಿರುಚುತ್ತಿತ್ತು. ಕೊನೆಗೆ ಮಂಚದ ಕಂಬಿಗೆ ಹಸುವಿನ ಗೆಜ್ಜೆ ಕಟ್ಟಿದೆ, ನಲವತ್ತು ರೂಪಾಯಿ. ಅಮ್ಮ ಕಂಬಿ ಹಿಡಿದರೆ ಸಾಕು, ಪಕ್ಕದ ರೂಮಿಗೂ ಕೇಳುತ್ತದೆ.

ನಾನು ಊರಲ್ಲೇ ಇರೋದರಿಂದ ಇದು ನಡೆಯಿತು. ಹೊರದೇಶದಲ್ಲಿರುವವರು ಹೋಮ್ ನೋಡೋದೇ ವಾಸಿ. ಮುಂದಿನ ತಿಂಗಳು ರಾತ್ರಿಯವರ ಮಗಳ ಮದುವೆ, ಹದಿನೈದು ದಿನ ರಜೆ. ಅಣ್ಣನಿಗೆ ಟಿಕೆಟ್ ಮಾಡಿಸೋಕೆ ಹೇಳಿದ್ದೀನಿ.