ಕುತ್ತಿಗೆ ಕಪ್ಪಾಯ್ತಾ? ಗಾಬರಿ ಬೇಡ, ಮೊದಲು ತಾರೀಕು ಬರೆದಿಡಿ

ನಮ್ಮ ದೊಡ್ಡಮ್ಮನ ಕಣ್ಣಿನ ರೆಪ್ಪೆ ಬಣ್ಣ ಬದಲಾಗಿದ್ದು ಒಂದು ಮದುವೆ ಸೀಸನ್ನಿನಲ್ಲಿ. ನೇರಳೆ ಹಣ್ಣು ತಿಂದ ಬೆರಳಲ್ಲೇ ಕಣ್ಣು ಒರೆಸಿಕೊಂಡ ಹಾಗಿತ್ತು. ಕಾಡಿಗೆ ಅಲರ್ಜಿ ಅಂದರು ಒಬ್ಬರು. ತಲೆಗೆ ಹಚ್ಚೋ ಡೈ ಅಂದರು ಇನ್ನೊಬ್ಬರು. ಮೆಡಿಕಲ್ ಶಾಪಿನಲ್ಲಿ ಒಂದು ಟ್ಯೂಬು ಕೊಟ್ಟರು. ಹಚ್ಚಿದಾಗ ಕಮ್ಮಿ, ಬಿಟ್ಟಾಗ ಮತ್ತೆ ಅದೇ. ಹೀಗೇ ಮೂರು ತಿಂಗಳು ಕಳೆಯಿತು. ಅಷ್ಟರಲ್ಲಿ ಬೆರಳ ಗೆಣ್ಣುಗಳ ಮೇಲೂ ಚಪ್ಪಟೆ ಗುಳ್ಳೆಗಳು ಎದ್ದವು, ಅಟ್ಟದ ಮೇಲಿನ ಡಬ್ಬ ಇಳಿಸೋಕೆ ಅವರು ಮಕ್ಕಳನ್ನು ಕರೆಯೋಕೆ ಶುರು ಮಾಡಿದರು, ಟಾಯ್ಲೆಟ್ಟಿನಿಂದ ಏಳುವಾಗ ನಲ್ಲಿ ಹಿಡಿದುಕೊಳ್ಳುತ್ತಿದ್ದರು, ನಾವೆಲ್ಲ ಅದನ್ನು ವಯಸ್ಸು ಅಂದುಕೊಂಡು ಸುಮ್ಮನಿದ್ದೆವು.

ಕೊನೆಗೆ ಹೋದ ಚರ್ಮದ ಡಾಕ್ಟರು ರೆಪ್ಪೆ ನೋಡಿದ್ದು ಒಂದು ನಿಮಿಷ ಅಷ್ಟೇ. ಆಮೇಲೆ, "ಅಮ್ಮಾ, ಎರಡೂ ಕೈ ಎದೆ ಮೇಲೆ ಕಟ್ಟಿಕೊಂಡು ಕುರ್ಚಿಯಿಂದ ಎದ್ದೇಳಿ ನೋಡೋಣ" ಅಂದರು. ದೊಡ್ಡಮ್ಮನಿಗೆ ಏಳೋಕೆ ಆಗಲೇ ಇಲ್ಲ. ಎರಡು ವಾರದಲ್ಲಿ ಸ್ಕ್ಯಾನಿನಲ್ಲಿ ಅಂಡಾಶಯದ ಗಡ್ಡೆ ಕಂಡಿತು.

ಒಳಗೆಲ್ಲೋ ಇರುವ ಕ್ಯಾನ್ಸರ್ ಕೆಲವು ಸಲ ಮೊದಲು ಮುಖ ತೋರಿಸೋದು ಚರ್ಮದ ಮೇಲೆ. ಗಡ್ಡೆ ಬಿಡುವ ರಾಸಾಯನಿಕಗಳು ರಕ್ತದಲ್ಲಿ ಹರಿದು ಬಂದು ಚರ್ಮದ ಜೀವಕೋಶಗಳನ್ನು ಕೆಣಕುತ್ತವೆ. ಇಲ್ಲವೇ ಗಡ್ಡೆಯ ವಿರುದ್ಧ ಎದ್ದ ನಮ್ಮ ರೋಗನಿರೋಧಕ ಶಕ್ತಿ ದಾರಿ ತಪ್ಪಿ ಚರ್ಮಕ್ಕೂ ಹೊಡೆಯುತ್ತದೆ. ಆದರೆ ಇವು ಅಪರೂಪ. ಹತ್ತು ಜನಕ್ಕೆ ಕುತ್ತಿಗೆ ಕಪ್ಪಾಗಿದ್ದರೆ ಹತ್ತೂ ಜನಕ್ಕೆ ಕ್ಯಾನ್ಸರ್ ಇಲ್ಲದಿರುವ ಸಾಧ್ಯತೆಯೇ ಜಾಸ್ತಿ. ಹಾಗಾಗಿ ಇದನ್ನು ಓದಿ ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡಿ. ಯಾವುದನ್ನು ನೋಡಬೇಕು, ಹೇಗೆ ನೋಡಬೇಕು, ಅಷ್ಟು ತಿಳಿದಿದ್ದರೆ ಸಾಕು.

ಮೊದಲು ತಾರೀಕು

ಡಾಕ್ಟರು ನಮ್ಮನ್ನು ಕೇಳಿದ ಮೊದಲ ಪ್ರಶ್ನೆ, "ಇದು ಶುರುವಾಗಿದ್ದು ಯಾವಾಗ?" ಯಾರಿಗೂ ಗೊತ್ತಿರಲಿಲ್ಲ. ಒಬ್ಬರು ಯುಗಾದಿ ಅಂದರೆ ಇನ್ನೊಬ್ಬರು ಅದಕ್ಕೂ ಮುಂಚೆ ಅಂದರು. ಕೊನೆಗೆ ಅಣ್ಣ ಫೋನ್ ತೆಗೆದು ಮದುವೆ ಫೋಟೋಗಳನ್ನು ಹುಡುಕಿದ. ನಿಶ್ಚಿತಾರ್ಥದ ಫೋಟೋದಲ್ಲಿ ರೆಪ್ಪೆ ಸರಿಯಾಗಿತ್ತು. ಐದು ವಾರ ಬಿಟ್ಟು ಧಾರೆಯ ಫೋಟೋದಲ್ಲಿ ಬಣ್ಣ ಬಂದಿತ್ತು. ಅಲ್ಲಿಗೆ ಲೆಕ್ಕ ಸಿಕ್ಕಿತು.

ನನ್ನ ಪ್ರಕಾರ ಇಡೀ ವಿಷಯದಲ್ಲಿ ಇದೇ ದೊಡ್ಡದು. ಕಲೆ ಹೇಗಿದೆ ಅನ್ನೋದಕ್ಕಿಂತ ಎಷ್ಟು ಬೇಗ ಬಂತು, ಎಷ್ಟು ಬೇಗ ಹರಡಿತು ಅನ್ನೋದು ಡಾಕ್ಟರಿಗೆ ಜಾಸ್ತಿ ಹೇಳುತ್ತದೆ. ಚರ್ಮದ ತೊಂದರೆಗೂ ಒಳಗಿನ ಗಡ್ಡೆಗೂ ನಂಟಿದೆಯಾ ಅಂತ ಹೇಳೋಕೆ ಹೆಲನ್ ಕರ್ತ್ ಅನ್ನುವ ಚರ್ಮವೈದ್ಯೆ ಕೆಲವು ನಿಯಮಗಳನ್ನೇ ಮಾಡಿಟ್ಟಿದ್ದರು. ಅದರಲ್ಲಿ ಮುಖ್ಯವಾದವು ಎರಡು. ಚರ್ಮದ ತೊಂದರೆ ಮತ್ತು ಗಡ್ಡೆ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಶುರುವಾಗಬೇಕು, ಮತ್ತು ಎರಡೂ ಜೊತೆಜೊತೆಗೆ ಸಾಗಬೇಕು. ಗಡ್ಡೆ ತೆಗೆದರೆ ಚರ್ಮ ತಿಳಿಯಾಗುತ್ತದೆ. ಗಡ್ಡೆ ಮರಳಿದರೆ ಚರ್ಮವೂ ಮತ್ತೆ ಕೆಡಬಹುದು.

ಹೊಸದಾಗಿ ಏನಾದರೂ ಕಂಡ ದಿನವೇ ಫೋಟೋ ತೆಗೆಯಿರಿ. ಕಿಟಕಿ ಬೆಳಕಿನಲ್ಲಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು. ಎರಡು ವಾರ ಬಿಟ್ಟು ಅದೇ ಕಿಟಕಿ, ಅದೇ ನಾಣ್ಯ. ಬ್ಯೂಟಿ ಫಿಲ್ಟರ್ ಆಫ್ ಮಾಡಿ, ಈಗಿನ ಫೋನುಗಳು ಕೇಳದೇ ಮುಖ ಬೆಳ್ಳಗೆ ಮಾಡಿಬಿಡುತ್ತವೆ.

ಕುತ್ತಿಗೆ ನೋಡಿ, ಆಮೇಲೆ ಅಂಗೈ

ಕುತ್ತಿಗೆ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ದಪ್ಪವಾಗಿ ವೆಲ್ವೆಟ್ ಥರ ಆಗುವುದಕ್ಕೆ ಅಕ್ಯಾಂಥೋಸಿಸ್ ನೈಗ್ರಿಕನ್ಸ್ ಅನ್ನುತ್ತಾರೆ. ಅಮ್ಮಂದಿರು ಅದನ್ನು ಕೊಳೆ ಅಂದುಕೊಂಡು ಸ್ನಾನದ ಮನೆಯಲ್ಲಿ ಮಕ್ಕಳ ಕತ್ತು ಉಜ್ಜಿ ಉಜ್ಜಿ ಕೆಂಪು ಮಾಡುತ್ತಾರೆ. ಉಜ್ಜಿದರೆ ಹೋಗುವಂಥದ್ದಲ್ಲ ಅದು. ಬಹುಪಾಲು ಇದು ತೂಕ ಜಾಸ್ತಿಯಾಗಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೇ ಇರುವುದರ ಗುರುತು. ಶುಗರ್ ಟೆಸ್ಟ್ ಮಾಡಿಸಬೇಕಾದ ಸಂಗತಿ, ಕ್ಯಾನ್ಸರಿಗೂ ಅದಕ್ಕೂ ಸಂಬಂಧ ಇಲ್ಲ.

ಎಚ್ಚರ ಬೇಕಾಗಿರುವುದು ಬೇರೆ ಥರದ್ದಕ್ಕೆ. ದಪ್ಪ ಇಲ್ಲದ, ಅದರಲ್ಲೂ ತೂಕ ಇಳಿಯುತ್ತಿರುವ, ನಲವತ್ತು ದಾಟಿದ ಮನುಷ್ಯನಿಗೆ ಎರಡು ಮೂರು ತಿಂಗಳಲ್ಲೇ ಕುತ್ತಿಗೆ, ಕಂಕುಳು, ತೊಡೆಸಂದಿ ಎಲ್ಲ ಕಪ್ಪಾಗಿ, ತುಟಿ ಮತ್ತು ಬಾಯೊಳಗೂ ಚರ್ಮ ಒರಟಾಗಿ, ಮೈ ತುರಿಸೋಕೆ ಶುರುವಾದರೆ, ಆಗ ಡಾಕ್ಟರು ಎಂಡೋಸ್ಕೋಪಿ ಬರೆಯುತ್ತಾರೆ. ಇಂಥ ಕಡೆ ಸಿಗುವ ಕ್ಯಾನ್ಸರುಗಳಲ್ಲಿ ಮೊದಲ ಸ್ಥಾನ ಹೊಟ್ಟೆಯ, ಅಂದರೆ ಜಠರದ ಕ್ಯಾನ್ಸರಿನದು.

ಅಂಗೈ ಕೂಡ ತಿರುಗಿಸಿ ನೋಡಿ. ಅಂಗೈ ದಪ್ಪವಾಗಿ, ಗೆರೆಗಳು ಉಬ್ಬಿ ಆಳವಾಗಿ ಕಾಣುವುದಕ್ಕೆ ಟ್ರೈಪ್ ಪಾಮ್ ಅಂತ ಹೆಸರು. ಟ್ರೈಪ್ ಅಂದರೆ ಇನ್ನೇನಲ್ಲ, ನಮ್ಮ ಬೋಟಿ. ಮನೆಯಲ್ಲಿ ಬೋಟಿ ತೊಳೆದವರಿಗೆ ಗೊತ್ತು, ಸುಣ್ಣ ಹಚ್ಚಿ ಉಜ್ಜುವ ಮುಂಚೆ ಕೈಗೆ ಸಿಗುತ್ತದಲ್ಲ, ಟವೆಲ್ಲಿನಂಥ ಮೈ, ಹಾಗೆ. ಹೆಸರಿಟ್ಟ ಪುಣ್ಯಾತ್ಮ ಅಡುಗೆಮನೆ ಬಲ್ಲವನೇ ಇರಬೇಕು. ಕೂಲಿ ಕೆಲಸಕ್ಕೆ ಕೈ ಒರಟಾಗುವುದು ಬೇರೆ, ಅದು ವರ್ಷಗಟ್ಟಲೆ ಆಗುತ್ತದೆ. ಇದು ತಿಂಗಳುಗಳಲ್ಲಿ ಆಗುತ್ತದೆ, ಕೆಲಸ ಬಿಟ್ಟರೂ ಹೋಗುವುದಿಲ್ಲ. ಇದು ಕಂಡವರಲ್ಲಿ ಬಹಳಷ್ಟು ಮಂದಿಗೆ ಒಳಗೆ ಕ್ಯಾನ್ಸರ್ ಸಿಕ್ಕಿದೆ. ಕುತ್ತಿಗೆಯೂ ಕಪ್ಪಾಗಿದ್ದರೆ ಜಠರದ ಕಡೆ, ಅಂಗೈ ಮಾತ್ರ ಆಗಿದ್ದರೆ ಶ್ವಾಸಕೋಶದ ಕಡೆ ಮೊದಲು ನೋಡುತ್ತಾರೆ.

ವಯಸ್ಸಾದವರ ಬೆನ್ನ ಮೇಲೆ ಮೇಣ ಅಂಟಿಸಿದ ಹಾಗೆ ಕಂದು, ಕಪ್ಪು ಗಂಟುಗಳು ಬರುತ್ತವೆ. ಅವು ಹಾನಿ ಮಾಡುವುದಿಲ್ಲ. ಕೆಲವೇ ವಾರಗಳಲ್ಲಿ ರಾಶಿ ರಾಶಿ ಎದ್ದು ತುರಿಸಿದರೆ ಮಾತ್ರ ಲೆಸರ್-ಟ್ರೆಲಾ ಗುರುತು ಅನ್ನುತ್ತಾರೆ. ಆದರೆ ಆ ಲೆಸರ್, ಟ್ರೆಲಾ ಅನ್ನೋ ಸರ್ಜನ್ನರು ಇಬ್ಬರೂ ನಿಜಕ್ಕೂ ನೋಡಿದ್ದು ಬೇರೆ ಏನೋ ಕೆಂಪು ಚುಕ್ಕೆಗಳನ್ನಂತೆ. ವಯಸ್ಸಾದವರಿಗೆ ಗಂಟೂ ಬರುತ್ತದೆ, ಕ್ಯಾನ್ಸರೂ ಬರುತ್ತದೆ, ಎರಡಕ್ಕೂ ನಂಟು ಹಾಕುವುದು ಸರಿಯೇ ಅಂತ ಡಾಕ್ಟರುಗಳಲ್ಲೇ ಜಗಳ ಇದೆ. ಇದನ್ನು ಜಾಸ್ತಿ ತಲೆಗೆ ಹಚ್ಚಿಕೊಳ್ಳಬೇಡಿ.

ರೆಪ್ಪೆ, ಗೆಣ್ಣು, ಕುರ್ಚಿ

ದೊಡ್ಡಮ್ಮನಿಗೆ ಆಗಿದ್ದು ಡರ್ಮಟೋಮಯೋಸೈಟಿಸ್. ಚರ್ಮ ಮತ್ತು ಸ್ನಾಯು ಎರಡಕ್ಕೂ ಹತ್ತುವ ರೋಗ. ರೆಪ್ಪೆ ಮೇಲೆ ನೇರಳೆ ಬಣ್ಣ, ಬೆರಳ ಗೆಣ್ಣುಗಳ ಮೇಲೆ ಗುಳ್ಳೆ, ಕುತ್ತಿಗೆ ಹಿಂದೆ ಮತ್ತು ಭುಜದ ಮೇಲೆ ಶಾಲು ಹೊದ್ದ ಜಾಗದಲ್ಲೆಲ್ಲ ದದ್ದು, ಬಿಸಿಲಿಗೆ ಹೋದರೆ ಇನ್ನೂ ಉರಿ. ಇಂಗ್ಲಿಷ್ ಪುಸ್ತಕಗಳಲ್ಲಿ ಇದೆಲ್ಲ ಕೆಂಪಗೆ ಎದ್ದು ಕಾಣುವ ಚಿತ್ರ ಇರುತ್ತದೆ, ನಮ್ಮ ಮೈಬಣ್ಣದ ಮೇಲೆ ಅಷ್ಟು ಕೆಂಪು ಕಾಣುವುದೇ ಇಲ್ಲ, ಕಂದು ಅಥವಾ ಕಡುನೇರಳೆ ಥರ ಕಂಡು ನಿದ್ದೆಗೆಟ್ಟ ಕಣ್ಣು ಅನ್ನಿಸಿಬಿಡುತ್ತದೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಆ ಕುರ್ಚಿಯದ್ದೇ. ಕೈ ಊರದೆ ಏಳೋಕೆ ಆಗುತ್ತಾ? ತಲೆ ಬಾಚುವಾಗ ಕೈ ಮೇಲೆತ್ತಿ ಹಿಡಿಯೋಕೆ ಆಗುತ್ತಾ? ಬಸ್ಸಿನ ಮೊದಲ ಮೆಟ್ಟಿಲು ಹತ್ತೋಕೆ ಕಂಬಿ ಎಳೆಯಬೇಕಾ? ಮಂಡಿನೋವಿನಿಂದ ಏಳಲಾಗದವರಿಗೆ ನೋವು ಇರುತ್ತದೆ. ಇಲ್ಲಿ ಕಾಡುವುದು ನೋವಿಗಿಂತ ಹೆಚ್ಚಾಗಿ ಬಲ ಇಲ್ಲದಿರುವುದು. ಕೆಲವರಿಗೆ ನುಂಗುವುದೂ ಕಷ್ಟವಾಗುತ್ತದೆ, ಹಾಗಾದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ.

ದೊಡ್ಡವರಲ್ಲಿ ಈ ರೋಗ ಬಂದ ನೂರು ಜನರಲ್ಲಿ ಸುಮಾರು 15ರಿಂದ 30 ಮಂದಿಗೆ ಎಲ್ಲೋ ಕ್ಯಾನ್ಸರ್ ಇರುತ್ತದೆ. ಅಂಡಾಶಯ, ಶ್ವಾಸಕೋಶ, ಜಠರ, ಮೂಗಿನ ಹಿಂಭಾಗದ ಗಂಟಲು, ಹೀಗೆ. ಮಕ್ಕಳಿಗೆ ಬಂದರೆ ಈ ಭಯ ಇಲ್ಲ. ರಕ್ತದಲ್ಲಿ ಸಿಪಿಕೆ ಅನ್ನೋ ಟೆಸ್ಟ್ ಮಾಡಿ ಸ್ನಾಯು ಎಷ್ಟು ಕೆಟ್ಟಿದೆ ನೋಡುತ್ತಾರೆ, ಆಮೇಲೆ ಸ್ಕ್ಯಾನ್.

ಎರಡು ಉಗುರು ಜೋಡಿಸಿ

ಇದು ಸುಲಭ, ಈಗಲೇ ಮಾಡಿ. ಎರಡೂ ಕೈಯ ತೋರುಬೆರಳ ಉಗುರುಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಒತ್ತಿ ಹಿಡಿದು ಬೆಳಕಿಗೆ ನೋಡಿ. ಉಗುರಿನ ಬುಡದಲ್ಲಿ ವಜ್ರದಾಕಾರದ ಸಣ್ಣ ಕಿಂಡಿ ಕಾಣಬೇಕು. ಕಿಂಡಿ ಮುಚ್ಚಿಹೋಗಿದ್ದರೆ, ಬೆರಳ ತುದಿ ಡೋಲು ಬಡಿಯುವ ಕೋಲಿನ ತುದಿಯಂತೆ ಉಬ್ಬಿದ್ದರೆ, ಅದು ಕ್ಲಬ್ಬಿಂಗ್. ಈ ಪರೀಕ್ಷೆ ಕಂಡುಹಿಡಿದ ಲಿಯೋ ಷಾಮ್ರೋತ್ ದಕ್ಷಿಣ ಆಫ್ರಿಕಾದ ಹೃದಯದ ಡಾಕ್ಟರು. ಹೃದಯಕ್ಕೆ ಸೋಂಕು ತಗುಲಿ ತಾವೇ ಮಲಗಿದ್ದಾಗ ತಮ್ಮ ಬೆರಳುಗಳಲ್ಲೇ ಕಿಂಡಿ ಮುಚ್ಚಿದ್ದನ್ನು ಗಮನಿಸಿ 1976ರಲ್ಲಿ ಬರೆದರು. ಹುಟ್ಟಿನಿಂದ ಹೃದಯದ ತೊಂದರೆ ಇದ್ದವರಿಗೆ, ಹಳೇ ಶ್ವಾಸಕೋಶದ ಕಾಯಿಲೆ ಇದ್ದವರಿಗೆ ಇದು ಇರುತ್ತದೆ. ಆದರೆ ವರ್ಷಗಟ್ಟಲೆ ಬೀಡಿ, ಸಿಗರೇಟು ಸೇದಿದವರಿಗೆ ಹೊಸದಾಗಿ ಆದರೆ ಶ್ವಾಸಕೋಶದ ಕ್ಯಾನ್ಸರ್ ಇದೆಯಾ ಅಂತ ನೋಡೋಕೆ ಎದೆಯ ಎಕ್ಸ್‌ರೇ ತಡಮಾಡಬೇಡಿ.

ಒಂದೇ ಕಡೆಯ ಇಸಬು

ಹೆಂಗಸರು ಇದನ್ನು ಯಾರಿಗೂ ಹೇಳುವುದಿಲ್ಲ, ಅದಕ್ಕೇ ಇದನ್ನು ಬಿಡಿಸಿ ಹೇಳುತ್ತೇನೆ. ಮೊಲೆತೊಟ್ಟಿನ ಮೇಲೆ ಸಿಪ್ಪೆ ಏಳುವುದು, ತೇವ ಒಸರುವುದು, ತುರಿಕೆ. ನೋಡೋಕೆ ಥೇಟ್ ಇಸಬು. ಎರಡೂ ಕಡೆ ಇದ್ದರೆ, ಸುತ್ತಲಿನ ಕಪ್ಪು ಭಾಗದಲ್ಲಿ ಶುರುವಾಗಿದ್ದರೆ, ಬಹುಶಃ ಇಸಬೇ. ಒಂದೇ ಕಡೆ ಇದ್ದು, ತೊಟ್ಟಿನಿಂದ ಶುರುವಾಗಿ ಹೊರಗೆ ಹರಡುತ್ತಿದ್ದರೆ ಪ್ಯಾಜೆಟ್ ಕಾಯಿಲೆ ಇರಬಹುದು. ಲಂಡನ್ನಿನ ಸರ್ಜನ್ ಜೇಮ್ಸ್ ಪ್ಯಾಜೆಟ್ 1874ರಲ್ಲಿ ಇಂಥ ಸುಮಾರು 15 ಹೆಂಗಸರ ಬಗ್ಗೆ ಬರೆದಿದ್ದರು, ಅವರಿಗೆಲ್ಲ ಮುಂದೆ ಸ್ತನ ಕ್ಯಾನ್ಸರ್ ಬಂದಿತ್ತು. ಮುಲಾಮಿಗೆ ಎರಡು ಮೂರು ವಾರದಲ್ಲಿ ಪೂರ್ತಿ ವಾಸಿಯಾಗದಿದ್ದರೆ ಚೂರು ಚರ್ಮ ತೆಗೆದು ಬಯಾಪ್ಸಿಗೆ ಕಳಿಸಿ ಅಂತ ನೀವೇ ಕೇಳಿ. ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್‌ರೇ, ಸರಿ ಬಂದಿದೆ ಅಂತ ಬಿಡಬೇಡಿ, ಕೆಲವು ಸಲ ಅದರಲ್ಲಿ ಏನೂ ಕಾಣುವುದಿಲ್ಲ.

ಕಲೆ ಇಲ್ಲದ ತುರಿಕೆ, ಮತ್ತೆ ಹೊಕ್ಕುಳು

ಮನೆಮಂದಿಗೆಲ್ಲ ರಾತ್ರಿ ತುರಿಸಿದರೆ ಅದು ಕಜ್ಜಿ. ಒಬ್ಬರಿಗೆ ಮಾತ್ರ, ಚರ್ಮದ ಮೇಲೆ ಏನೂ ಕಾಣದೆ, ವಾರಗಟ್ಟಲೆ ತುರಿಸಿದರೆ ಮೊದಲು ಒಣಚರ್ಮ, ಥೈರಾಯ್ಡ್, ಕಿಡ್ನಿ, ಕಬ್ಬಿಣದ ಕೊರತೆ ನೋಡಿಸಿ. ಜೊತೆಗೆ ಕತ್ತಿನಲ್ಲಿ ಗಂಟು, ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರು, ತೂಕ ಇಳಿಕೆ ಇದ್ದರೆ ಹಾಡ್‌ಕಿನ್ ಲಿಂಫೋಮಾ ಅನ್ನೋ ದುಗ್ಧಗ್ರಂಥಿಗಳ ಕ್ಯಾನ್ಸರ್ ನೆನಪಿಗೆ ಬರಬೇಕು. ಸ್ನಾನ ಮಾಡಿದ ಮೇಲೆ ಪ್ರತಿ ಸಲ ಮೈಯೆಲ್ಲ ಸೂಜಿ ಚುಚ್ಚಿದ ಹಾಗೆ ತುರಿಸುವುದು ಪಾಲಿಸೈಥೀಮಿಯಾ ವೆರಾ ಅನ್ನೋ ರಕ್ತದ ಕಾಯಿಲೆಯಲ್ಲಿ ಉಂಟು, ಸಾದಾ ರಕ್ತಪರೀಕ್ಷೆಯಲ್ಲೇ ಸುಳಿವು ಸಿಗುತ್ತದೆ. ತುರಿಕೆಯ ಜೊತೆ ಕಣ್ಣು ಹಳದಿ, ಮಲ ಬಿಳಿಚಿಕೊಂಡಿದೆ ಅಂದರೆ ಪಿತ್ತದ ದಾರಿ ಕಟ್ಟಿರಬಹುದು. ಇಲ್ಲಿ ನಮ್ಮವರು ಕಾಮಾಲೆ ಅಂತ ಹಸಿರು ಔಷಧಿ ಕುಡಿದುಕೊಂಡು ತಿಂಗಳು ಕಳೆಯುತ್ತಾರೆ. ಕಟ್ಟಿರುವುದು ಕಲ್ಲೂ ಇರಬಹುದು, ಮೇದೋಜೀರಕ ಗ್ರಂಥಿಯ ಗಡ್ಡೆಯೂ ಇರಬಹುದು. ಅದೇ ವಾರ ಹೊಟ್ಟೆ ಸ್ಕ್ಯಾನ್ ಮಾಡಿಸಿ.

ಹೊಕ್ಕುಳಲ್ಲಿ ಹೊಸದಾಗಿ ಗಟ್ಟಿ ಗಂಟು ಬಂದರೆ ಹರ್ನಿಯಾ ಅಂತ ಸುಮ್ನೆ ಕೂರಬೇಡಿ. ಅಮೆರಿಕದ ರಾಚೆಸ್ಟರಿನಲ್ಲಿ ವಿಲಿಯಂ ಮೇಯೋ ಅವರಿಗೆ ಆಪರೇಷನ್ನಿನಲ್ಲಿ ಸಹಾಯ ಮಾಡುತ್ತಿದ್ದ ಸಿಸ್ಟರ್ ಮೇರಿ ಜೋಸೆಫ್ ಅನ್ನುವ ನರ್ಸ್, ರೋಗಿಯ ಹೊಟ್ಟೆಯ ಮೇಲಿನ ಚರ್ಮ ತೊಳೆಯುವಾಗ ಇಂಥ ಗಂಟು ಕೈಗೆ ಸಿಕ್ಕವರಿಗೆ ಒಳಗೆ ಕ್ಯಾನ್ಸರ್ ಹರಡಿರುತ್ತದೆ ಅಂತ ಗಮನಿಸಿದರು. ದೊಡ್ಡ ಸರ್ಜನ್ನಿಗೆ ತೋಚದ್ದು ತೊಳೆಯುವ ಕೈಗೆ ತಿಳಿಯಿತು. 1949ರಲ್ಲಿ, ಅವರು ತೀರಿಕೊಂಡು ಹತ್ತು ವರ್ಷವಾದ ಮೇಲೆ, ಆ ಗಂಟಿಗೆ ಅವರ ಹೆಸರು ಬಂತು.

ಟ್ಯೂಬು ಬಿಡಿ, ಚೀಟಿ ಹಿಡಿಯಿರಿ

ಮೆಡಿಕಲ್ ಶಾಪಿನಲ್ಲಿ ಕೇಳಿದ ತಕ್ಷಣ ಸಿಗುವ ಟ್ಯೂಬುಗಳಲ್ಲಿ ಎಷ್ಟೋ ಸ್ಟೆರಾಯ್ಡ್ ಬೆರೆತವು. ದದ್ದು ಮಸುಕಾಗುತ್ತದೆ, ರೋಗ ಹಾಗೇ ಇರುತ್ತದೆ, ಬಯಾಪ್ಸಿ ಮಾಡಿದರೂ ಚಿತ್ರ ಕಲಸಿಹೋಗುತ್ತದೆ. ಹಚ್ಚಿಯೇ ಬಿಟ್ಟಿದ್ದರೆ ಖಾಲಿ ಟ್ಯೂಬನ್ನೂ ತೆಗೆದುಕೊಂಡು ಹೋಗಿ ತೋರಿಸಿ, ಮುಚ್ಚಿಡಬೇಡಿ.

ನೇರವಾಗಿ ಕಿದ್ವಾಯಿಗೆ ಓಡಬೇಕಾಗಿಲ್ಲ. ಜಿಲ್ಲಾಸ್ಪತ್ರೆ ಅಥವಾ ಮೆಡಿಕಲ್ ಕಾಲೇಜಿನ ಚರ್ಮದ ವಿಭಾಗ ಸಾಕು. ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದುಕೊಂಡು ಹೋಗಿ: ಶುರುವಾದ ತಾರೀಕು, ಹಚ್ಚಿದ ಔಷಧಿ, ಆರು ತಿಂಗಳಲ್ಲಿ ಎಷ್ಟು ತೂಕ ಇಳಿದಿದೆ, ಮನೆಯಲ್ಲಿ ಯಾರಿಗೆ ಕ್ಯಾನ್ಸರ್ ಇತ್ತು. "ಡಾಕ್ಟ್ರೇ, ಇದಕ್ಕೆ ಒಳಗಿನ ಕಾರಣ ಏನಾದರೂ ಇರಬಹುದಾ?" ಅಂತ ಬಾಯಿಬಿಟ್ಟು ಕೇಳಿ. ತಪ್ಪು ತಿಳಿಯುವುದಿಲ್ಲ. ಲ್ಯಾಬಿನವರು ಆಫರಿನಲ್ಲಿ ಮಾರುವ ಕ್ಯಾನ್ಸರ್ ಮಾರ್ಕರ್ ಅನ್ನೋ ರಕ್ತಪರೀಕ್ಷೆಗಳ ಪ್ಯಾಕೇಜ್ ಮಾತ್ರ ನೀವಾಗಿ ಮಾಡಿಸಬೇಡಿ. ರಕ್ತದಲ್ಲಿ ಆ ಮಾರ್ಕರುಗಳು ಕ್ಯಾನ್ಸರ್ ಇಲ್ಲದಿದ್ದರೂ ಏರುತ್ತವೆ, ಇದ್ದರೂ ಏರದಿರಬಹುದು, ಸುಮ್ನೆ ದುಡ್ಡು ದಂಡ, ತಲೆ ಬಿಸಿ.

ಮೊದಲ ಸ್ಕ್ಯಾನಿನಲ್ಲಿ ಏನೂ ಸಿಗದಿದ್ದರೆ ಅಲ್ಲಿಗೆ ಮುಗಿಯಿತು ಅಂತಲ್ಲ. ಡರ್ಮಟೋಮಯೋಸೈಟಿಸ್ ಬಂದ ಮೊದಲ ಮೂರು ವರ್ಷ ಕ್ಯಾನ್ಸರ್ ಹೊರಬೀಳುವ ಅಪಾಯ ಜಾಸ್ತಿ, ಅದರಲ್ಲೂ ಮೊದಲ ವರ್ಷ. ಅದಕ್ಕೇ ಡಾಕ್ಟರು ಮತ್ತೆ ಮತ್ತೆ ಬರಹೇಳುತ್ತಾರೆ. ದೊಡ್ಡಮ್ಮನಿಗೆ ಆಪರೇಷನ್, ಕೀಮೋ ಎಲ್ಲ ಮುಗಿದು ರೆಪ್ಪೆಯ ಬಣ್ಣ ಮೆಲ್ಲಗೆ ಇಳಿಯಿತು. ಈಗಲೂ ತಿಂಗಳ ಮೊದಲ ಭಾನುವಾರ ಅಣ್ಣ ಅವರನ್ನು ಕಿಟಕಿ ಹತ್ತಿರ ಕೂರಿಸಿ ಕಣ್ಣಿನ ಫೋಟೋ ತೆಗೆಯುತ್ತಾನೆ. ನಾಣ್ಯ ಹಿಡಿಯೋದು ದೊಡ್ಡಮ್ಮನದೇ ಕೆಲಸ.